ಫೀಚರ್ ಆಫ್ ಆಗಿದೆ, ಸರ್ವರ್‌ಗೆ ಮಾತ್ರ ಯಾರೂ ಹೇಳಿಲ್ಲ

ಹಾಲಿನ_ಲೆಕ್ಕ (ಮೈಸೂರು)

ನಮಸ್ಕಾರ ಎಲ್ಲರಿಗೂ. ನಾವು ಹಳ್ಳಿ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಆಫೀಸು ಹೆಬ್ಬಾಳದಲ್ಲಿ. ಗಿರಾಕಿಗಳು ಜಾಸ್ತಿ ಮಂಡ್ಯ, ಮದ್ದೂರು, ಪಾಂಡವಪುರ ಕಡೆಯವರು. ರೈತರು ಹಾಲು ತಂದು ಸುರಿಯುತ್ತಾರೆ. ತೂಕ ಒಂದು ಕಡೆಯಿಂದ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮಷಿನ್‌ನಿಂದ ಬರುತ್ತದೆ. ನಮ್ಮ ಸರ್ವರ್ ದರ ಹಾಕಿ ಕಳಿಸುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ. ಹಿಂದೆ ಕ್ಯಾನ್ ಹಿಡಿದವರ ಸಾಲು ಇರುತ್ತದೆ. ಚೀಟಿ ಸ್ವಲ್ಪ ತಡವಾದರೂ ಸೆಕ್ರೆಟರಿಯವರ ಫೋನ್ ಬರುತ್ತದೆ.

ಇದರಲ್ಲಿ "ತಿಂಗಳ ಗ್ರಾಫ್" ಅಂತ ಒಂದು ಫೀಚರ್ ಇದೆ. ಒಬ್ಬ ರೈತರ 30 ದಿನದ ಫ್ಯಾಟ್, ಎಸ್‌ಎನ್‌ಎಫ್ ತೆಗೆದು, ಊರಿನ ಸರಾಸರಿ ಜೊತೆ ಹೋಲಿಸಿ ತೋರಿಸುತ್ತದೆ. ನೋಡಲು ಚೆನ್ನಾಗಿದೆ. ಆದರೆ "ನನ್ನ ಹಸು ಹಾಲು ಊರಿನ ಸರಾಸರಿಗಿಂತ ಕಡಿಮೆ ಅಂತ ಯಾಕೆ ತೋರಿಸುತ್ತೀರಿ" ಅಂತ ಕೌಂಟರ್‌ನಲ್ಲೇ ಜಗಳ ಶುರುವಾಯಿತು. ಬಹಳಷ್ಟು ಸೊಸೈಟಿಗಳು ಬೇಡ ಅಂದವು. ಅವರಿಗೆ ಫ್ಲಾಗ್ (ಫೀಚರ್ ಆನ್-ಆಫ್ ಮಾಡುವ ಸ್ವಿಚ್) ಆಫ್ ಮಾಡಿದರು. ಸ್ಕ್ರೀನ್‌ನಿಂದ ಗ್ರಾಫ್ ಹೋಯಿತು.

ಆದರೆ ಬೆಳಿಗ್ಗೆ 6ರಿಂದ 8ರ ತನಕ ಡೇಟಾಬೇಸ್ ಸಿಪಿಯು ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ. ಯಾವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಎಷ್ಟು ಸಮಯ ತಿನ್ನುತ್ತಿದೆ ಅಂತ ತೋರಿಸುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ತೆಗೆದು ಒಟ್ಟು ಸಮಯದ ಪ್ರಕಾರ ಜೋಡಿಸಿದೆ. ಮೊದಲನೇ ಸಾಲಿನಲ್ಲೇ ಗ್ರಾಫ್ ಕ್ವೆರಿ ಕೂತಿದೆ! ಸರ್ವರ್ ಆ್ಯಪ್‌ಗೆ ಕಳಿಸುವ ಜೆಸಾನ್ ಉತ್ತರ ನೋಡಿದರೆ ಅದರಲ್ಲಿ ಗ್ರಾಫ್ ಇಲ್ಲ. ಆದರೂ ದಿನಕ್ಕೆ ಎರಡು ಹೊತ್ತಿನಂತೆ 60 ಸಾಲು, ಪೂರ್ತಿ ತೆಗೆಯುತ್ತಿದೆ. ಸರ್ವರ್ ಅದನ್ನು ಲೆಕ್ಕ ಹಾಕಿ, ಕಳಿಸದೆ ಎಸೆಯುತ್ತಿದೆ.

ಬರೆದವರು ಬೆಂಗಳೂರು ಸೇರಿದ್ದಾರೆ, ಕೋಡ್ ಈಗ ನನ್ನ ತಲೆಗೆ ಬಂದಿದೆ. ಮ್ಯಾನೇಜರ್ "ಆಫ್ ಮಾಡಿದ್ದೀವಲ್ಲ, ಇನ್ನೇನು" ಅನ್ನುತ್ತಾರೆ. ಸಿಕ್ಕ ಸಿಕ್ಕ ಕಡೆ ಇಫ್ (ಫ್ಲಾಗ್ ಆನ್ ಇದ್ದರೆ ಮಾತ್ರ ಅನ್ನುವ ಷರತ್ತು) ಹಾಕಬೇಕಾ, ಅಥವಾ ಇದಕ್ಕೊಂದು ಕ್ರಮ ಇದೆಯಾ?

ಕಬ್ಬಿನ_ಗದ್ದೆ (ಮಂಡ್ಯ)

ಗುರು, ಸರ್ವರ್ ಒಂದು ಸೈಜ್ ದೊಡ್ಡದು ಮಾಡಿ. ನಿಮ್ಮ ಒಂದು ವಾರದ ಸಂಬಳಕ್ಕಿಂತ ಕಡಿಮೆ ಆಗುತ್ತದೆ. ಆಫ್ ಆಗಿರುವ ಫೀಚರ್‌ಗೆ ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ.

ಇಲವಾಲ_ಕೋಡರ್

ಸೈಜ್ ದೊಡ್ಡದು ಮಾಡಿದರೆ ಈ ತಿಂಗಳು ಸರಿಹೋಗುತ್ತದೆ. ಸೊಸೈಟಿಗಳು ಜಾಸ್ತಿಯಾದ ಹಾಗೆ ಯಾರೂ ನೋಡದ ಗ್ರಾಫಿನ ಖರ್ಚೂ ಜೊತೆಗೇ ಬೆಳೆಯುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಆಫ್ ಮಾಡಿದ ಫೀಚರ್‌ನಲ್ಲಿ ಎರರ್ ಬಂದರೆ ಹಾಲಿನ ಎಂಟ್ರಿನೇ ಫೇಲ್ ಆಗುತ್ತದೆ. ಚೀಟಿ ಬರಲಿಲ್ಲ ಅಂತ ಹುಡುಕಿಕೊಂಡು ಹೋದರೆ ಯಾರಿಗೂ ಬೇಡದ ಗ್ರಾಫ್ ಕೋಡ್ ಸಿಗುತ್ತದೆ. ಸಿಪಿಯು ಬಿಡಿ, ನನಗೆ ಇದು ದೊಡ್ಡ ಕಾರಣ.

ಹಾಲಿನ_ಲೆಕ್ಕ ಅವರೇ, ನಿಮ್ಮಲ್ಲಿ ಆಗಿರುವುದು ಇಷ್ಟು. ಹೋಟೆಲ್ ಬೋರ್ಡ್‌ನಲ್ಲಿ "ಮಸಾಲೆ ದೋಸೆ ಇಲ್ಲ" ಅಂತ ಬರೆದಿದ್ದಾರೆ, ಒಳಗೆ ಭಟ್ಟರಿಗೆ ಹೇಳಿಲ್ಲ. ಅವರು ಪಲ್ಯ ಬೇಯಿಸುತ್ತಲೇ ಇದ್ದಾರೆ. ಫ್ಲಾಗ್ ನೋಡುವ ಜಾಗ ಕೊನೆಯಲ್ಲಿದೆ, ಅದು ಕೆಲಸ ಶುರುವಾಗುವ ಜಾಗಕ್ಕೆ ಬರಬೇಕು. ಉತ್ತರ ಕಟ್ಟುವ ಕಡೆ ಇಫ್ ಹಾಕಿದರೆ ಜೆಸಾನ್ ಚಿಕ್ಕದಾಗುತ್ತದೆ ಅಷ್ಟೇ, ಕ್ವೆರಿ ಆಗಲೇ ಓಡಿ ಮುಗಿದಿರುತ್ತದೆ.

ಸಿಕ್ಕ ಸಿಕ್ಕ ಕಡೆ ಇಫ್ ಬೇಡ. ಮೊದಲು ಒಂದು ಪಟ್ಟಿ ಮಾಡಿ: ಈ ಗ್ರಾಫಿಗೋಸ್ಕರ ಕೆಲಸ ಎಲ್ಲೆಲ್ಲಿ ಹುಟ್ಟುತ್ತದೆ? ಎಪಿಐ (ಆ್ಯಪ್ ಸರ್ವರ್‌ಗೆ ಕೇಳುವ ದಾರಿ) ಒಂದೇ ಇರುವುದಿಲ್ಲ. ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ), ಕ್ಯೂ (ಆಮೇಲೆ ಮಾಡುವ ಕೆಲಸಗಳ ಸಾಲು), ಟ್ರಿಗರ್ (ಟೇಬಲ್‌ಗೆ ಎಂಟ್ರಿ ಬಿದ್ದಾಗ ಡೇಟಾಬೇಸ್ ತಾನೇ ಓಡಿಸುವ ಕೋಡ್), ಕ್ಯಾಶ್ (ಬೇಗ ಕೊಡಲು ತೆಗೆದಿಟ್ಟ ಉತ್ತರ) ತುಂಬುವ ಸ್ಕ್ರಿಪ್ಟ್ ಎಲ್ಲ ಇರಬಹುದು. ಹುಟ್ಟುವ ಒಂದೊಂದು ಜಾಗಕ್ಕೆ ಒಂದೊಂದು ಬಾಗಿಲು ಸಾಕು. ಅದರ ಒಳಗಿನ ಫಂಕ್ಷನ್‌ಗಳಿಗೆ ಫ್ಲಾಗ್ ಇದೆ ಅನ್ನುವುದೇ ಗೊತ್ತಿರಬಾರದು.

ಹಾಲಿನ_ಲೆಕ್ಕ

ಎಪಿಐ ಕೋಡ್ ನೋಡಿದೆ. ವಿಚಿತ್ರ ಏನೆಂದರೆ ಇಫ್ ಅಲ್ಲಿ ಇದೆ! "ಫ್ಲಾಗ್_ಇದ್ದರೆ_ಸೇರಿಸು" ಅಂತ ಒಂದು ಹೆಲ್ಪರ್. ಅದಕ್ಕೆ ಮೂರು ಆರ್ಗ್ಯುಮೆಂಟ್: ಉತ್ತರ, ಫ್ಲಾಗ್ ಹೆಸರು, ಗ್ರಾಫ್_ಲೆಕ್ಕ(ರೈತ). ಹೆಲ್ಪರ್ ಒಳಗೆ ಫ್ಲಾಗ್ ಆಫ್ ಇದ್ದರೆ ಸೇರಿಸದೆ ವಾಪಸ್ ಬರುತ್ತದೆ. ಸರಿಯಾಗೇ ಇದೆಯಲ್ಲ?

ಇಲವಾಲ_ಕೋಡರ್

ಕಳ್ಳ ಸಿಕ್ಕ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಫಂಕ್ಷನ್ ಒಳಗೆ ಹೋಗುವ ಮುಂಚೆಯೇ ಆರ್ಗ್ಯುಮೆಂಟ್‌ಗಳ ಬೆಲೆ ಲೆಕ್ಕ ಆಗುತ್ತದೆ. ಅಂದರೆ ಹೆಲ್ಪರ್ ಫ್ಲಾಗ್ ನೋಡುವಷ್ಟರಲ್ಲಿ ಗ್ರಾಫ್_ಲೆಕ್ಕ ಮುಗಿದಿದೆ. ಮೂರನೇ ಆರ್ಗ್ಯುಮೆಂಟ್‌ಗೆ ಲ್ಯಾಂಬ್ಡಾ ಕೊಡಿ. ಲೆಕ್ಕದ ಫಲಿತಾಂಶ ಕೊಡಬೇಡಿ, ಲೆಕ್ಕ ಮಾಡುವ ವಿಧಾನ ಕೊಡಿ. ಹೆಲ್ಪರ್ ಬೇಕಾದಾಗ ಕರೆದುಕೊಳ್ಳುತ್ತದೆ. ಅಥವಾ ಹೆಲ್ಪರ್ ತೆಗೆದು ನೇರವಾಗಿ ಇಫ್ ಬರೆಯಿರಿ, ಓದುವವರಿಗೂ ಸುಲಭ.

ಇದೇ ತಪ್ಪು ಲಾಗಿಂಗ್‌ನಲ್ಲಿ (ಪ್ರೋಗ್ರಾಂ ತನ್ನ ಕೆಲಸದ ಟಿಪ್ಪಣಿ ಬರೆದಿಡುವುದು) ಎಲ್ಲರ ಮನೆಯಲ್ಲೂ ಇದೆ. ಪೈಥಾನ್ ಲಾಗರ್‌ಗೆ ಪರ್ಸೆಂಟ್-ಎಸ್ ಅನ್ನುವ ಖಾಲಿ ಜಾಗ ಕೊಟ್ಟು ಬರೆದರೆ ಡಿಬಗ್ ಆಫ್ ಇದ್ದಾಗ ಸ್ಟ್ರಿಂಗ್ ಜೋಡಿಸುವ ಕೆಲಸ ತಪ್ಪುತ್ತದೆ, ನಿಜ. ಆದರೆ ಅದರ ಜಾಗಕ್ಕೆ ಕೊಡುವ ಬೆಲೆ ಒಂದು ಫಂಕ್ಷನ್ ಕಾಲ್ ಆಗಿದ್ದರೆ ಅದು ಓಡಿಯೇ ಓಡುತ್ತದೆ. ಡಿಬಗ್ ಲಾಗ್ ಆಫ್ ಮಾಡಿ, ಅದರೊಳಗೆ ಕ್ವೆರಿ ಓಡಿಸುವ ಕೋಡ್ ಕಣ್ಣಾರೆ ನೋಡಿದ್ದೇನೆ.

ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಬಳಸುತ್ತಿದ್ದರೆ ಒಂದು ಮಾತು. ಅದರಲ್ಲಿ ಕ್ವೆರಿ ಕಟ್ಟಿಡುವ ಕ್ವೆರಿಸೆಟ್ ಸೋಮಾರಿ, ಸುಮ್ನೆ ಕಟ್ಟಿಟ್ಟರೆ ಡೇಟಾಬೇಸ್‌ಗೆ ಹೋಗುವುದಿಲ್ಲ. ಹಾಗಾಗಿ "ನಮ್ಮದು ಲೇಜಿ, ತೊಂದರೆ ಇಲ್ಲ" ಅಂತ ಜನ ನೆಮ್ಮದಿಯಾಗಿರುತ್ತಾರೆ. ಆದರೆ ಅದನ್ನು ಲಿಸ್ಟ್ ಮಾಡಿದರೂ, ಲೆನ್ ಕೇಳಿದರೂ, ಬರೀ "ಇಫ್ ಕ್ವೆರಿಸೆಟ್" ಅಂದರೂ ಅದು ಓಡುತ್ತದೆ. ನಿಮ್ಮ ಗ್ರಾಫ್_ಲೆಕ್ಕದಲ್ಲಿ ಸರಾಸರಿ ತೆಗೆಯುವ ಅಗ್ರಿಗೇಟ್ ಇದ್ದರೆ ಅದು ಲೇಜಿ ಅಲ್ಲವೇ ಅಲ್ಲ, ಆ ಕ್ಷಣವೇ ಹೋಗುತ್ತದೆ.

ಡಿಬಿ_ಅಕ್ಕ (ಕುವೆಂಪುನಗರ)

ಎಪಿಐ ಸರಿ ಮಾಡಿ ಖುಷಿಪಟ್ಟು ಮನೆಗೆ ಹೋಗಬೇಡಿ. ಊರಿನ ಸರಾಸರಿ ಎಲ್ಲಿಂದ ಬರುತ್ತಿದೆ? ಪ್ರತಿ ಸಲ ಲೆಕ್ಕ ಹಾಕುತ್ತಿದ್ದೀರಾ, ಅಥವಾ ಮೆಟೀರಿಯಲೈಸ್ಡ್ ವ್ಯೂ (ಮೊದಲೇ ಲೆಕ್ಕ ಹಾಕಿ ಉಳಿಸಿಟ್ಟ ಕ್ವೆರಿ ಫಲಿತಾಂಶ) ಇದೆಯಾ?

ಹಾಲಿನ_ಲೆಕ್ಕ

ವ್ಯೂ ಇದೆ ಮೇಡಂ. ಹತ್ತು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗುತ್ತದೆ. ಎಲ್ಲ ಸೊಸೈಟಿಗಳದ್ದೂ ಒಂದೇ ವ್ಯೂ. ಆಮೇಲೆ ಹಾಲಿನ ಟೇಬಲ್ ಮೇಲೆ ಒಂದು ಟ್ರಿಗರ್ ಕೂಡ ಇದೆ. ಎಂಟ್ರಿ ಬಿದ್ದ ತಕ್ಷಣ ರೈತರ "ಕೊನೆಯ ಏಳು ದಿನ" ಅನ್ನುವ ಕಾಲಂ ಬದಲಾಯಿಸುತ್ತದೆ. ಅದೂ ಗ್ರಾಫ್‌ಗೇ.

ಡಿಬಿ_ಅಕ್ಕ

ಹಾಗಾದರೆ ನಿಮ್ಮ ಸಿಪಿಯು ಅರ್ಧ ಅಲ್ಲೇ ಹೋಗುತ್ತಿರಬಹುದು. ಒಂದೊಂದಾಗಿ ಹೇಳುತ್ತೇನೆ.

ವ್ಯೂ ರಿಫ್ರೆಶ್: ಪೋಸ್ಟ್‌ಗ್ರೆಸ್‌ನಲ್ಲಿ ಸಾದಾ ರಿಫ್ರೆಶ್ ಮಾಡಿದರೆ ಮುಗಿಯುವ ತನಕ ಆ ವ್ಯೂ ಓದುವವರೆಲ್ಲ ಕಾಯಬೇಕು. ಕನ್ಕರೆಂಟ್ಲಿ ಅಂತ ಹೇಳಿದರೆ ಓದುವವರು ಕಾಯುವುದಿಲ್ಲ, ಆದರೆ ವ್ಯೂ ಮೇಲೆ ಯುನೀಕ್ ಇಂಡೆಕ್ಸ್ (ಸಾಲು ಬೇಗ ಹುಡುಕಲು ಇರುವ, ಒಂದೇ ಬೆಲೆ ಎರಡು ಸಲ ಬರಲು ಬಿಡದ ಸೂಚಿ) ಬೇಕು. ಎರಡರಲ್ಲೂ ವ್ಯೂ ಹಿಂದಿರುವ ಕ್ವೆರಿ ಮೊದಲಿನಿಂದ ಕೊನೆಯ ತನಕ ಪೂರ್ತಿ ಓಡುತ್ತದೆ, ಹೊಸ ಸಾಲುಗಳನ್ನು ಮಾತ್ರ ನೋಡುವ ಉಪಾಯ ಅದಕ್ಕೆ ಇಲ್ಲ. ಹತ್ತರಲ್ಲಿ ಒಂಬತ್ತು ಸೊಸೈಟಿ ಆಫ್ ಇದ್ದರೂ ಅದು ಹತ್ತನ್ನೂ ಲೆಕ್ಕ ಹಾಕುತ್ತದೆ. ಫ್ಲಾಗ್ ಟೇಬಲ್ ಜೊತೆ ಜಾಯಿನ್ ಮಾಡಿ, ಆನ್ ಇರುವ ಸೊಸೈಟಿಗಳದ್ದು ಮಾತ್ರ ಬರುವ ಹಾಗೆ ವ್ಯೂ ಬದಲಾಯಿಸಿ. ಒಂದೂ ಆನ್ ಇಲ್ಲದಿದ್ದರೆ ಕ್ರಾನ್ ರಿಫ್ರೆಶ್ ಕರೆಯದೆ ಮಲಗಲಿ. ಅಷ್ಟಕ್ಕೂ 30 ದಿನದ ಸರಾಸರಿಗೆ ಹತ್ತು ನಿಮಿಷಕ್ಕೊಮ್ಮೆ ರಿಫ್ರೆಶ್ ಯಾಕೆ ಅಂತ ನನಗೆ ಅರ್ಥ ಆಗಿಲ್ಲ. ಹಾಲು ಬರುವುದೇ ದಿನಕ್ಕೆ ಎರಡು ಹೊತ್ತು ಅಲ್ವಾ?

ಟ್ರಿಗರ್: ಟ್ರಿಗರ್‌ಗೆ ವೆನ್ ಅಂತ ಷರತ್ತು ಹಾಕಬಹುದು, ಪೋಸ್ಟ್‌ಗ್ರೆಸ್ 9.0ರಿಂದಲೇ ಇದೆ. ಆದರೆ ಅದರೊಳಗೆ ಸಬ್‌ಕ್ವೆರಿ ಹಾಕುವ ಹಾಗಿಲ್ಲ. ಆದ್ದರಿಂದ ಫ್ಲಾಗ್ ಟೇಬಲ್ ನೋಡಲು ಆಗುವುದಿಲ್ಲ, ಟ್ರಿಗರ್ ಫಂಕ್ಷನ್ ಒಳಗೇ ನೋಡಬೇಕು. ಅದೂ ಪ್ರತಿ ಇನ್ಸರ್ಟ್‌ಗೆ ಒಂದು ಲುಕಪ್. ನನ್ನ ಅಭಿಪ್ರಾಯ ಕೇಳಿದರೆ ಆ ಟ್ರಿಗರ್ ಕಿತ್ತು, ಅದೇ ಲೆಕ್ಕವನ್ನು ಅಪ್ಲಿಕೇಶನ್ ಕೋಡ್‌ಗೆ ತನ್ನಿ. ಫೀಚರ್‌ಗೆ ಸೇರಿದ್ದನ್ನು ಟ್ರಿಗರ್‌ನಲ್ಲಿ ಇಟ್ಟರೆ ಆಫ್ ಮಾಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಿಮಗೂ ನಾನು ಕೇಳುವ ತನಕ ನೆನಪಾಗಲಿಲ್ಲ ನೋಡಿ.

ಕ್ಯೂನಲ್ಲಿ_ನಿಂತವನು (ಶ್ರೀರಂಗಪಟ್ಟಣ)

ಕ್ಯೂ ಬಗ್ಗೆ ಯಾರೂ ಹೇಳಲಿಲ್ಲ, ಹೆಸರಿಗೆ ತಕ್ಕ ಹಾಗೆ ನಾನೇ ಹೇಳುತ್ತೇನೆ. ಫ್ಲಾಗ್ ಎಲ್ಲಿ ನೋಡಬೇಕು, ಮೆಸೇಜ್ ಹಾಕುವ ಕಡೆಯೋ ತೆಗೆಯುವ ಕಡೆಯೋ?

ಹಾಕುವ ಕಡೆ ನೋಡದಿದ್ದರೆ ಪ್ರತಿ ಎಂಟ್ರಿಗೂ ಒಂದು ಮೆಸೇಜ್ ಕ್ಯೂಗೆ ಹೋಗುತ್ತದೆ. ವರ್ಕರ್ (ಕ್ಯೂನಿಂದ ತೆಗೆದು ಕೆಲಸ ಮಾಡುವ ಪ್ರೋಗ್ರಾಂ) ಏಳುತ್ತದೆ, ಡೇಟಾಬೇಸ್‌ನಿಂದ ರೈತರನ್ನು ತರುತ್ತದೆ, ಸೊಸೈಟಿ ತರುತ್ತದೆ, ಆಮೇಲೆ ಫ್ಲಾಗ್ ನೋಡಿ "ಓ ಆಫ್" ಅಂತ ಬಿಡುತ್ತದೆ. ಬಾಗಿಲ ತನಕ ಕರೆದುಕೊಂಡು ಹೋಗಿ ವಾಪಸ್ ಕಳಿಸುವ ಕೆಲಸ.

ಹಾಗಂತ ತೆಗೆಯುವ ಕಡೆ ಬಿಟ್ಟುಬಿಡಬೇಡಿ. ನಮ್ಮಲ್ಲಿ ಬಟವಾಡೆ ದಿನ ಎಸ್‌ಎಂಎಸ್ ಹೋಗುವ ಒಂದು ಫೀಚರ್ ಇತ್ತು. ಮೊತ್ತ ತಪ್ಪಾಗಿ ಹೋಗುತ್ತಿದೆ ಅಂತ ಗೊತ್ತಾಗಿ ಫ್ಲಾಗ್ ಆಫ್ ಮಾಡಿದರು. ಹಾಕುವ ಕಡೆ ನಿಂತಿತು. ಆಗಲೇ ಕ್ಯೂನಲ್ಲಿ ಇದ್ದವು ನಿಲ್ಲಲಿಲ್ಲ, ಒಂದೊಂದಾಗಿ ಹೋಗುತ್ತಲೇ ಇದ್ದವು. ಎಸ್‌ಎಂಎಸ್‌ಗೆ ದುಡ್ಡೂ ಹೋಯಿತು, ರೈತರಿಂದ ಬೈಗುಳವೂ ಬಂತು. ತುರ್ತಾಗಿ ನಿಲ್ಲಿಸುವ ಫ್ಲಾಗ್ ಆದರೆ ಎರಡೂ ಕಡೆ ನೋಡಿ. ವರ್ಕರ್‌ನಲ್ಲಿ ಮೊದಲನೇ ಸಾಲಿನಲ್ಲೇ ನೋಡಿ, ಏನನ್ನೂ ತರುವ ಮುಂಚೆ. ಸೊಸೈಟಿ ಐಡಿ ಮೆಸೇಜ್‌ನಲ್ಲೇ ಇಟ್ಟರೆ ಅದಕ್ಕೂ ಡೇಟಾಬೇಸ್ ಬೇಡ.

ಕಬ್ಬಿನ_ಗದ್ದೆ

ಒಪ್ಪಿದೆ, ಸರ್ವರ್ ದೊಡ್ಡದು ಮಾಡಿದರೆ ಎಸ್‌ಎಂಎಸ್ ಇನ್ನೂ ಬೇಗ ಹೋಗುತ್ತಿತ್ತು 😀

ಆದರೆ ನನ್ನದೊಂದು ಅನುಮಾನ. ಫ್ಲಾಗ್ ನೋಡುವುದೂ ಕೆಲಸ ತಾನೇ? ಎಲ್ಲ ಕಡೆ ಫ್ಲಾಗ್ ಕೇಳಿದರೆ ಅದೇ ಒಂದು ಭಾರ ಆಗುವುದಿಲ್ಲವಾ?

ಇಲವಾಲ_ಕೋಡರ್

ಆಗುತ್ತದೆ, ಮಾಡುವ ರೀತಿಯಲ್ಲಿ ಮಾಡದಿದ್ದರೆ. ಲೂಪ್ ಒಳಗೆ, ಪ್ರತಿ ಸಾಲಿಗೂ ಫ್ಲಾಗ್ ಟೇಬಲ್‌ಗೆ ಕ್ವೆರಿ ಹಾಕುವವರು ಇದ್ದಾರೆ. ಫ್ಲಾಗ್ ಸರ್ವೀಸ್‌ಗಳ ಸರ್ವರ್ ಲೈಬ್ರರಿಗಳು ಸಾಮಾನ್ಯವಾಗಿ ನಿಯಮಗಳನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಂಡು, ಹಿನ್ನೆಲೆಯಲ್ಲಿ ಹೊಸದು ತರಿಸಿಕೊಳ್ಳುತ್ತವೆ. ಲಾಂಚ್‌ಡಾರ್ಕ್ಲಿ, ಅನ್‌ಲೀಶ್ ಎರಡೂ ಹಾಗೇ. ಕೇಳಿದಾಗ ನೆಟ್‌ವರ್ಕ್‌ಗೆ ಹೋಗುವುದಿಲ್ಲ. ನಿಮ್ಮದೇ ಟೇಬಲ್ ಆದರೆ ನೀವೇ ಆ ಕೆಲಸ ಮಾಡಬೇಕು: ಮೆಮೊರಿಯಲ್ಲಿ ಅರ್ಧ ನಿಮಿಷ ಇಟ್ಟುಕೊಳ್ಳಿ.

ರಿಕ್ವೆಸ್ಟ್ ಶುರುವಾದಾಗ ಒಮ್ಮೆ ಓದಿ, ಕೊನೆ ತನಕ ಅದನ್ನೇ ಹಿಡಿದುಕೊಂಡು ಹೋಗಿ. ವೇಗಕ್ಕೆ ಮಾತ್ರ ಅಲ್ಲ. ಮಧ್ಯದಲ್ಲಿ ಯಾರಾದರೂ ಫ್ಲಾಗ್ ಬದಲಾಯಿಸಿದರೆ ಮೇಲಿನರ್ಧ ಕೋಡ್ ಆನ್ ಅಂದುಕೊಂಡಿರುತ್ತದೆ, ಕೆಳಗಿನರ್ಧ ಆಫ್ ಅಂದುಕೊಂಡಿರುತ್ತದೆ. ಆ ಬಗ್ ಹುಡುಕುವ ಕಷ್ಟ ಶತ್ರುವಿಗೂ ಬೇಡ.

ಸರಸ್ವತಿಪುರಂ_ಸಂಜೆ

ಎಲ್ಲರೂ ನಿಲ್ಲಿಸಿ ನಿಲ್ಲಿಸಿ ಅನ್ನುತ್ತಿದ್ದೀರಿ. ಸ್ವಲ್ಪ ತಡೆಯಿರಿ.

ಆಫ್ ಇರುವಾಗಲೂ ಬೇಕು ಅಂತಲೇ ಕೆಲಸ ಮಾಡಿಸುವುದು ಉಂಟು. 2008ರಲ್ಲಿ ಫೇಸ್‌ಬುಕ್ ಚಾಟ್ ಬಿಡುವ ಮುಂಚೆ, ಜನರ ಪುಟಗಳು ಚಾಟ್ ಸರ್ವರ್‌ಗೆ ಕನೆಕ್ಟ್ ಆಗಿ, ಮೆಸೇಜ್ ಕಳಿಸುವ ನಾಟಕ ಕೂಡ ಮಾಡುತ್ತಿದ್ದವು. ಸ್ಕ್ರೀನ್ ಮೇಲೆ ಏನೂ ಕಾಣುತ್ತಿರಲಿಲ್ಲ. ಭಾರ ತಡೆಯುತ್ತದಾ ಅಂತ ನೋಡಲು. ಡಾರ್ಕ್ ಲಾಂಚ್ ಅನ್ನುತ್ತಾರಲ್ಲ, ಅದು. ಈ ಗ್ರಾಫ್ ಅಂಥದ್ದಲ್ಲ ಅಂತ ಗೊತ್ತು. ಆದರೂ ಒಂದು ಫ್ಲಾಗ್ ಕಂಡ ತಕ್ಷಣ ಹಿಂದಿನ ಕೋಡ್ ನಿಲ್ಲಿಸುವ ಮುಂಚೆ, ಯಾಕೆ ಆಫ್ ಇದೆ ಅಂತ ಕೇಳಬೇಕು.

ಎರಡನೆಯದು ಇದಕ್ಕಿಂತ ಮುಖ್ಯ. ಲೆಕ್ಕ ಹಾಕುವ ಕೆಲಸ ಬೇರೆ, ಬರೆದಿಡುವ ಕೆಲಸ ಬೇರೆ. ಸರಾಸರಿಯನ್ನು ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದು, ಹಾಲಿನ ಎಂಟ್ರಿ ಇದ್ದರೆ ಸಾಕು. ಆದರೆ ಆ ಹೊತ್ತಿಗೆ ಮಾತ್ರ ಸಿಗುವ ಮಾಹಿತಿ ಏನಾದರೂ ಈ ಫೀಚರ್‌ನವರೇ ಬರೆದಿಡುತ್ತಿದ್ದಾರಾ ನೋಡಿ. ಅದನ್ನೂ ನಿಲ್ಲಿಸಿದರೆ, ನಾಳೆ ಯಾರಾದರೂ ಆನ್ ಮಾಡಿ ಅಂದಾಗ ಹಿಂದಿನದು ಎಲ್ಲಿಂದ ತರುತ್ತೀರಿ?

ಹಾಲಿನ_ಲೆಕ್ಕ

ಒಳ್ಳೆ ಪ್ರಶ್ನೆ ಸರ್. ನೋಡಿದೆ. ಎರಡು ಸಂಗತಿ ಇದೆ. ಮಷಿನ್ ಫ್ಯಾಟ್ 4.1, ಎಸ್‌ಎನ್‌ಎಫ್ 8.5 ಅಂತ ಕೊಡುವಾಗ ಹಾಲಿನ ಉಷ್ಣತೆಯನ್ನೂ ಕಳಿಸುತ್ತದೆ. ಅದನ್ನು ದರದ ಕೋಡ್ ಬಳಸುವುದಿಲ್ಲ. ಗ್ರಾಫ್‌ನವರು ಮಾತ್ರ ಬೇರೆ ಟೇಬಲ್‌ಗೆ ಬರೆಯುತ್ತಿದ್ದಾರೆ, ಅನುಮಾನದ ರೀಡಿಂಗ್ ಗ್ರಾಫ್‌ನಲ್ಲಿ ಮಸುಕಾಗಿ ತೋರಿಸಲು. ಇನ್ನೊಂದು, ಅವತ್ತು ಯಾವ ದರಪಟ್ಟಿ ಜಾರಿಯಲ್ಲಿತ್ತು ಅನ್ನುವುದು. ಅದು ಚೀಟಿ ಟೇಬಲ್‌ನಲ್ಲೂ ಇದೆ, ಹಾಗಾಗಿ ಚಿಂತೆ ಇಲ್ಲ.

ಅಂದರೆ ಉಷ್ಣತೆ ಬರೆಯುವುದನ್ನು ಬಿಟ್ಟು ಉಳಿದಿದ್ದನ್ನು ನಿಲ್ಲಿಸಬಹುದು?

ಸರಸ್ವತಿಪುರಂ_ಸಂಜೆ

ಹೌದು. ಅದನ್ನು ಗ್ರಾಫ್ ಕೋಡ್‌ನಿಂದ ಹೊರಗೆ ತಂದು ಹಾಲಿನ ಎಂಟ್ರಿ ಜೊತೆಗೇ ಒಂದು ಕಾಲಂ ಮಾಡಿ. ಒಂದೇ ಇನ್ಸರ್ಟ್‌ನಲ್ಲಿ ಹೋಗುತ್ತದೆ. ಆಮೇಲೆ ಗ್ರಾಫ್ ಪೂರ್ತಿ ನಿಂತರೂ ನಷ್ಟ ಇಲ್ಲ. ಮತ್ತೆ ಆನ್ ಮಾಡುವಾಗ ಹಿಂದಿನದನ್ನು ತುಂಬುವ ಸ್ಕ್ರಿಪ್ಟ್ ಈಗಲೇ ಬರೆದಿಡಿ. ಅದನ್ನು ಬೆಳಿಗ್ಗೆ 7 ಗಂಟೆಗೆ ಓಡಿಸಬೇಡಿ ಅಂತ ಅದರ ತಲೆಯಲ್ಲೇ ಬರೆಯಿರಿ.

ಹಾಲಿನ_ಲೆಕ್ಕ

ಇನ್ನೊಂದು ತಲೆನೋವು. ರೈತರ ಫೋನ್‌ನಲ್ಲೂ ಒಂದು ಆ್ಯಪ್ ಇದೆ. ಹಳೇ ವರ್ಷನ್‌ಗಳು ಫ್ಲಾಗ್ ನೋಡದೆ ಗ್ರಾಫ್ ಎಪಿಐಯನ್ನು ನಿಮಿಷಕ್ಕೊಮ್ಮೆ ಕೇಳುತ್ತವೆ. ಅಪ್‌ಡೇಟ್ ಮಾಡಿ ಅಂದರೆ ಯಾರು ಮಾಡುತ್ತಾರೆ? 404 (ಅಂಥದ್ದು ಇಲ್ಲ ಅನ್ನುವ ಉತ್ತರ) ಕೊಟ್ಟು ನೋಡಿದೆ, ಟೆಸ್ಟ್ ಫೋನ್‌ನಲ್ಲಿ ಹಳೇ ಆ್ಯಪ್ ಬಿದ್ದೇ ಹೋಯಿತು.

ಕ್ಯೂನಲ್ಲಿ_ನಿಂತವನು

ಖಾಲಿ ಲಿಸ್ಟ್ ಕೊಡಿ, 200 (ಎಲ್ಲ ಸರಿ ಅನ್ನುವ ಉತ್ತರ) ಜೊತೆ. ಹೊಸದಾಗಿ ಸೇರಿದ ರೈತರಿಗೆ ಹೇಗೂ ಖಾಲಿ ಲಿಸ್ಟೇ ಬರುತ್ತಿತ್ತು, ಆದ್ದರಿಂದ ಹಳೇ ಆ್ಯಪ್‌ಗೆ ಅದನ್ನು ನುಂಗುವುದು ಗೊತ್ತಿರುತ್ತದೆ. ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ಮ್ಯಾಕ್ಸ್-ಏಜ್ 3600 ಹಾಕಿ. ಆ್ಯಪ್‌ನ ಎಚ್‌ಟಿಟಿಪಿ ಲೈಬ್ರರಿಯಲ್ಲಿ ಕ್ಯಾಶ್ ಆನ್ ಇದ್ದರೆ ಒಂದು ಗಂಟೆ ಸರ್ವರ್ ತನಕ ಬರುವುದೇ ಇಲ್ಲ. ಇಲ್ಲದಿದ್ದರೂ ಡೇಟಾಬೇಸ್ ಮುಟ್ಟದೆ ಉತ್ತರ ಹೋಗುತ್ತದೆ. ಆನ್ ಮಾಡಿದ ಮೇಲೆ ಗ್ರಾಫ್ ಒಂದು ಗಂಟೆ ತಡವಾಗಿ ಕಾಣಬಹುದು, ಅದನ್ನು ಸೆಕ್ರೆಟರಿಗಳಿಗೆ ಹೇಳಿಬಿಡಿ.

ಓದುವ ಎಪಿಐ (ಗೆಟ್) ಆದರೆ ಇದು ಸರಿ. ಬರೆಯುವ ಎಪಿಐ ಆದರೆ 200 ಕೊಟ್ಟು ಸುಮ್ಮನಿರಬೇಡಿ, ಸೇವ್ ಆಯಿತು ಅಂತ ಜನ ನಂಬುತ್ತಾರೆ.

ಕಬ್ಬಿನ_ಗದ್ದೆ

ಇಷ್ಟೆಲ್ಲ ಮಾಡಿ, ಆರು ತಿಂಗಳ ಮೇಲೆ ಹೊಸಬರು ಬಂದು ಮತ್ತೆ ಒಂದು ಕ್ವೆರಿ ಸೇರಿಸಿದರೆ? ಯಾರಿಗೆ ಗೊತ್ತಾಗುತ್ತದೆ?

ಇಲವಾಲ_ಕೋಡರ್

ಟೆಸ್ಟ್‌ಗೆ ಗೊತ್ತಾಗುತ್ತದೆ. ಜಾಂಗೋದಲ್ಲಿ ಅಸರ್ಟ್‌ನಂಕ್ವೆರೀಸ್ ಇದೆ, ಇಷ್ಟೇ ಕ್ವೆರಿ ಹೋಗಬೇಕು ಅಂತ ಹಿಡಿದು ನಿಲ್ಲಿಸುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು. ಫ್ಲಾಗ್ ಆಫ್ ಮಾಡಿ, ಗ್ರಾಫ್_ಲೆಕ್ಕದ ಜಾಗದಲ್ಲಿ ಕರೆದ ತಕ್ಷಣ ಎಕ್ಸೆಪ್ಷನ್ ಎಸೆಯುವ ನಕಲಿ ಫಂಕ್ಷನ್ ಕೂರಿಸಿ, ಹಾಲಿನ ಎಂಟ್ರಿ ಮಾಡಿ. ಎಂಟ್ರಿ ಸಲೀಸಾಗಿ ಆದರೆ ಯಾರೂ ಅದನ್ನು ಮುಟ್ಟಿಲ್ಲ ಅಂತ. ಬಹಳ ಜನ ಆಫ್ ಇದ್ದಾಗ "ಗ್ರಾಫ್ ಉತ್ತರದಲ್ಲಿ ಇಲ್ಲ" ಅಂತ ಮಾತ್ರ ಟೆಸ್ಟ್ ಬರೆಯುತ್ತಾರೆ. ಹಾಲಿನ_ಲೆಕ್ಕ ಅವರ ಆ ಹೆಲ್ಪರ್ ಅಂಥ ಟೆಸ್ಟ್ ಪಾಸ್ ಮಾಡಿಬಿಡುತ್ತಿತ್ತು.

ಸರಸ್ವತಿಪುರಂ_ಸಂಜೆ

ಆರು ತಿಂಗಳ ಮೇಲೂ ಯಾರೂ ಕೇಳದಿದ್ದರೆ ಕೋಡನ್ನೇ ತೆಗೆಯಿರಿ. ಹಾಗೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್ ಕಥೆ ಇದೆ. 2003ರಿಂದ ಬಳಸದ ಹಳೇ ಕೋಡ್ ಅವರ ಸಿಸ್ಟಂನಲ್ಲೇ ಉಳಿದಿತ್ತು. 2012ರಲ್ಲಿ ಹೊಸ ಕೆಲಸಕ್ಕೆ ಅದರ ಹಳೇ ಫ್ಲಾಗ್ ಹೆಸರನ್ನೇ ಬಳಸಿದರು. ಹೊಸ ಕೋಡ್ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೋಗಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಆ ಒಂದು ಸರ್ವರ್‌ನಲ್ಲಿ ಫ್ಲಾಗ್ ಹಳೇ ಕೋಡನ್ನು ಎಬ್ಬಿಸಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ನಮ್ಮ ಗ್ರಾಫ್ ಅಷ್ಟು ಮಾಡಲಾರದು ಬಿಡಿ. ಆದರೆ ಫ್ಲಾಗ್ ಹೆಸರನ್ನು ಇನ್ನೊಂದಕ್ಕೆ ಬಳಸಬೇಡಿ, ಎಷ್ಟೇ ಚೆನ್ನಾಗಿದ್ದರೂ.

ಹಾಲಿನ_ಲೆಕ್ಕ

ಅಪ್‌ಡೇಟ್. ಲ್ಯಾಂಬ್ಡಾ ಬದಲು ನೇರ ಇಫ್ ಹಾಕಿದೆ. ವ್ಯೂ ಈಗ ಆನ್ ಇರುವ ಸೊಸೈಟಿಗಳದ್ದು ಮಾತ್ರ, ರಿಫ್ರೆಶ್ ದಿನಕ್ಕೆ ಎರಡು ಸಲ, ಹಾಲು ಮುಗಿದ ಮೇಲೆ. ಉಷ್ಣತೆ ಎಂಟ್ರಿ ಟೇಬಲ್‌ಗೆ ಬಂತು. ಟ್ರಿಗರ್ ತೆಗೆದೆ. ಇವತ್ತು ಬೆಳಿಗ್ಗೆ ಪಟ್ಟಿಯ ಮೇಲಿನ ಸಾಲುಗಳಲ್ಲಿ ಗ್ರಾಫ್ ಕ್ವೆರಿ ಇರಲಿಲ್ಲ, ದರ ಹಾಕುವ ಕ್ವೆರಿ ಮೊದಲನೆಯದು. ಅದು ಇರಬೇಕಾದ್ದೇ. ಮ್ಯಾನೇಜರ್ "ನೆಟ್ ಫಾಸ್ಟ್ ಆಗಿದೆಯಾ ಇವತ್ತು" ಅಂದರು, ನಾನೇನೂ ಹೇಳಲಿಲ್ಲ.

ಮೇಡಂ, ಗ್ರಾಫ್‌ಗೋಸ್ಕರ ಹಾಲಿನ ಟೇಬಲ್ ಮೇಲೆ ಮೂರು ಇಂಡೆಕ್ಸ್ ಹಾಕಿದ್ದಾರೆ. ಯಾವ ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು ಅಂತ ತೋರಿಸುವ ಪಿಜಿ_ಸ್ಟ್ಯಾಟ್_ಯೂಸರ್_ಇಂಡೆಕ್ಸಸ್‌ನಲ್ಲಿ ಎಣಿಕೆ ಸೊನ್ನೆ ಮಾಡಿ ನೋಡುತ್ತಿದ್ದೇನೆ. ಆನ್ ಇರುವ ಸೊಸೈಟಿಗಳಿಗೆ ಒಂದು ಇಂಡೆಕ್ಸ್ ಸಾಕಾಗುತ್ತಿದೆ. ಉಳಿದ ಎರಡಕ್ಕೆ ಸ್ಕ್ಯಾನ್ ಸೊನ್ನೆಯಲ್ಲೇ ಇದೆ. ತೆಗೆದುಬಿಡಲಾ?

ಡಿಬಿ_ಅಕ್ಕ

ತೆಗೆಯಬೇಕು, ಫೀಚರ್ ಆಫ್ ಆದರೂ ಪ್ರತಿ ಇನ್ಸರ್ಟ್ ಆ ಎರಡಕ್ಕೂ ಬರೆಯುತ್ತಲೇ ಇರುತ್ತದೆ. ಇಂಡೆಕ್ಸ್‌ಗೆ ಫ್ಲಾಗ್ ಗೊತ್ತಾಗುವುದಿಲ್ಲ. ಆದರೆ ಇವತ್ತೇ ಬೇಡ. ಯುನೀಕ್ ಇಂಡೆಕ್ಸ್ ಆಗಿದ್ದರೆ ಸ್ಕ್ಯಾನ್ ಸೊನ್ನೆ ಇದ್ದರೂ ಅದು ಡಬಲ್ ಎಂಟ್ರಿ ತಡೆಯುವ ಕೆಲಸ ಮಾಡುತ್ತಿರುತ್ತದೆ, ಅದನ್ನು ಮುಟ್ಟಬೇಡಿ. ಆಮೇಲೆ ನಿಮಗೆ ರೆಪ್ಲಿಕಾ (ಮುಖ್ಯ ಡೇಟಾಬೇಸ್‌ನ ನಕಲು) ಇದೆಯಾ? ಅಲ್ಲಿ ನಡೆಯುವ ಸ್ಕ್ಯಾನ್ ಪ್ರೈಮರಿಯ ಎಣಿಕೆಯಲ್ಲಿ ಬರುವುದಿಲ್ಲ.

ಹಾಲಿನ_ಲೆಕ್ಕ

ಇದೆ. ಬಟವಾಡೆ ರಿಪೋರ್ಟ್ ಎಲ್ಲ ರೆಪ್ಲಿಕಾದಿಂದಲೇ ಹೋಗುತ್ತದೆ.

ಡಿಬಿ_ಅಕ್ಕ

ಹಾಗಾದರೆ ಮೊದಲು ಅಲ್ಲೂ ನೋಡಿ, ಒಂದು ಬಟವಾಡೆ ಕಳೆಯಲಿ. ಅಲ್ಲೂ ಸೊನ್ನೆ ಇದ್ದರೆ ಡ್ರಾಪ್ ಇಂಡೆಕ್ಸ್ ಕನ್ಕರೆಂಟ್ಲಿ, ಮಧ್ಯಾಹ್ನದ ಹೊತ್ತು, ಒಂದೊಂದಾಗಿ.